ಕೆಲಸ ಬಿಟ್ಟರೆ ಅಪ್ಪ-ಅಮ್ಮನ ವಿಮೆ ಏನಾಗುತ್ತದೆ?

ನಮ್ಮ ಹುಡುಗರು ಸ್ವಂತ ಉದ್ಯಮಕ್ಕೆ ಮುಂದಾಗುವುದಿಲ್ಲ, ತಿಂಗಳ ಸಂಬಳಕ್ಕೆ ಜೋತುಬಿದ್ದಿರುತ್ತಾರೆ ಎಂಬ ಆಕ್ಷೇಪವನ್ನು ಮದುವೆಮನೆಗಳಲ್ಲಿ ಆಗಾಗ ಕೇಳುತ್ತಿರುತ್ತೇನೆ. (ಹಾಗೆನ್ನುವವರಲ್ಲಿ ಬಹುಪಾಲು ನನ್ನಂಥ ಪಿಂಚಣಿದಾರರೇ ಎಂಬುದು ಬೇರೆ ಮಾತು.) ಈ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಧೈರ್ಯದ ಕೊರತೆಯೆಂದು ನಾವು ಕರೆಯುವುದು ಎಷ್ಟೋ ವೇಳೆ ಹೆತ್ತವರ ಆಸ್ಪತ್ರೆ ಖರ್ಚಿನ ಲೆಕ್ಕಾಚಾರವಾಗಿರುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹನಿ ನೀರಾವರಿಗೆ ಬೇಕಾದ ಉಪಕರಣವೊಂದನ್ನು ತಾನೇ ತಯಾರಿಸುವ ಆಲೋಚನೆಯನ್ನು ನಾಲ್ಕು ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ಬಂಡವಾಳವೂ ಅಷ್ಟಿಷ್ಟು ಕೂಡಿದೆ. ಆದರೆ ತಂದೆಗೆ ಸಕ್ಕರೆ ಕಾಯಿಲೆ, ತಾಯಿಗೆ ಹೃದಯದ ತೊಂದರೆ. ಇಬ್ಬರೂ ಅವನ ಕಂಪನಿಯ ಗುಂಪು ವಿಮೆಯಲ್ಲಿದ್ದಾರೆ. ಇಂಥ ವಿಮೆಗಳಲ್ಲಿ ಹಳೆಯ ಕಾಯಿಲೆಗಳಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆಯುಂಟು. ಮಗ ಕೆಲಸ ಬಿಟ್ಟರೆ ಆ ರಕ್ಷಣೆಯೂ ತಪ್ಪಿತು. ಹೊಸದಾಗಿ ಪಾಲಿಸಿ ಕೊಳ್ಳಹೋದರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷಗಳವರೆಗೆ ಕಾಯಬೇಕಾಗಬಹುದು. 2024ಕ್ಕೆ ಮೊದಲು ಈ ಮಿತಿ ನಾಲ್ಕು ವರ್ಷವಿತ್ತು. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಗೊಳ್ಳಲು ನಿಯಮದಲ್ಲಿ ಅವಕಾಶವಿದೆ, ನಿಜ. ಆದರೆ ವಯಸ್ಸಾದ ಇಬ್ಬರ ಪ್ರೀಮಿಯಂ ಮೊತ್ತವನ್ನು, ಇನ್ನೂ ಒಂದು ರೂಪಾಯಿ ಆದಾಯ ಕಾಣದ ಉದ್ಯಮಿ ಎಲ್ಲಿಂದ ತರಬೇಕು? 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿಯನ್ನು ತೆಗೆದದ್ದು ಕೊಂಚ ಸಮಾಧಾನ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2024ರ ಅಕ್ಟೋಬರಿನಲ್ಲಿ, ಆದಾಯವನ್ನು ಲೆಕ್ಕಿಸದೆ, 70 ತುಂಬಿದವರಿಗೆಲ್ಲ ವಿಸ್ತರಣೆಯಾಯಿತು. ಅವನ ತಂದೆಗೆ ಈಗ 64.

ನಮ್ಮ ಕಾಲದಲ್ಲೂ ಇದೇ ಕಥೆ. ನನ್ನ ಸಹೋದ್ಯೋಗಿ ಚಿತ್ರಕಲಾ ಶಿಕ್ಷಕರೊಬ್ಬರಿಗೆ ಮುದ್ರಣಾಲಯ ತೆರೆಯುವ ಹಂಬಲವಿತ್ತು. ಸರ್ಕಾರಿ ಸೇವೆಗೆ ರಾಜೀನಾಮೆ ಕೊಟ್ಟರೆ ಅಲ್ಲಿಯವರೆಗಿನ ಸೇವೆಯೂ ಪಿಂಚಣಿಯ ಹಕ್ಕೂ ಹೋಗುತ್ತವೆಂಬ ನಿಯಮ ತಿಳಿದು ಸುಮ್ಮನಾದರು. ನಿವೃತ್ತರಾಗುವ ಹೊತ್ತಿಗೆ ಮೊಳೆ ಜೋಡಿಸುವ ಮುದ್ರಣವೇ ಕಣ್ಮರೆಯಾಗಿತ್ತು.

ಖಾಸಗಿ ನೌಕರಿಯಲ್ಲಿಯೂ ಕಾಯಂ ನೌಕರನಿಗೆ ಐದು ವರ್ಷ ತುಂಬದೆ ಗ್ರಾಚ್ಯುಟಿಯಿಲ್ಲ. ಆದರೆ ಭವಿಷ್ಯನಿಧಿಯನ್ನು ನೋಡಿ: 2014ರಲ್ಲಿ ಯುಎಎನ್ ಸಂಖ್ಯೆ ಬಂದ ಮೇಲೆ ಖಾತೆ ಮಾಲೀಕನ ಹಿಂದಲ್ಲ, ನೌಕರನ ಹಿಂದೆ ಹೋಗುತ್ತದೆ. ಹಣಕ್ಕೆ ಸಾಧ್ಯವಾದದ್ದು ಔಷಧೋಪಚಾರಕ್ಕೆ ಏಕೆ ಸಾಧ್ಯವಾಗಬಾರದು?

ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಈ ಸಂಕಟ ಹೊಸದಲ್ಲ. 1942ರಲ್ಲಿ, ಯುದ್ಧಕಾಲದಲ್ಲಿ, ಅಲ್ಲಿನ ಸರ್ಕಾರ ಸಂಬಳದ ಏರಿಕೆಗೆ ತಡೆಯೊಡ್ಡಿದಾಗ ಮಾಲೀಕರು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆ ಕೊಡತೊಡಗಿದರು. ಮುಂದೆ ತೆರಿಗೆ ವಿನಾಯಿತಿ ಆ ಗಂಟನ್ನು ಬಿಗಿಗೊಳಿಸಿತು. ವಿಮೆ ತಪ್ಪೀತೆಂಬ ಅಂಜಿಕೆಯಿಂದ ಬೇಡದ ಕೆಲಸದಲ್ಲಿ ಉಳಿಯುವುದಕ್ಕೆ ಅಲ್ಲಿನ ಅರ್ಥಶಾಸ್ತ್ರಜ್ಞರು 'ಜಾಬ್ ಲಾಕ್' ಎಂದು ಹೆಸರಿಟ್ಟಿದ್ದಾರೆ. ಹಳೆಯ ಕಾಯಿಲೆಯ ನೆಪವೊಡ್ಡಿ ವಿಮೆ ನಿರಾಕರಿಸುವುದು ಅಲ್ಲಿ ನಿಂತದ್ದು 2014ರಿಂದ. ಅದಕ್ಕೂ ಬಹಳ ಮೊದಲು, 1986ರಲ್ಲಿಯೇ ಅವರು ಇನ್ನೊಂದು ಕಾನೂನು ಮಾಡಿದ್ದರು: ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯನ್ನು ಬಿಟ್ಟವನು ಪೂರ್ಣ ಪ್ರೀಮಿಯಂ ತಾನೇ ಕಟ್ಟಿ ಹದಿನೆಂಟು ತಿಂಗಳು ಅದೇ ಗುಂಪು ವಿಮೆಯಲ್ಲಿ ಮುಂದುವರಿಯಬಹುದು.

ನಮ್ಮಲ್ಲಿಯೂ ಇಂಥದೊಂದು ಕಾನೂನು ಬರಬೇಕು, ಹೆತ್ತವರನ್ನೂ ಒಳಗೊಂಡು. ಹದಿನೆಂಟು ತಿಂಗಳಿಗಲ್ಲ, ಹೊಸ ಪಾಲಿಸಿಯ ಕಾಯುವ ಅವಧಿ ಕಳೆಯುವವರೆಗೆ, ಅಂದರೆ ಮೂರು ವರ್ಷಕ್ಕೆ. ಕಂಪನಿಗಳ ಆಡಳಿತದಲ್ಲಿರುವ ನನ್ನ ವಿದ್ಯಾರ್ಥಿಗಳು ಕಾನೂನಿಗಾಗಿ ಕಾಯಬೇಕಿಲ್ಲ. ಮುಂದಿನ ವರ್ಷದ ವಿಮಾ ಒಪ್ಪಂದ ನವೀಕರಿಸುವಾಗ ಈ ಷರತ್ತನ್ನು ಸೇರಿಸಲಾದೀತೇ ಎಂದು ಕೇಳಿ ನೋಡಬಹುದು.