ಮಗಳ ಕಾದಂಬರಿ, ಮನೆಯ ಜಿನ್ನ್ ಮತ್ತು ನಮ್ಮ ಝಕಾತ್

ಹರೆಯದ ಮಗಳೊಬ್ಬಳು ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಸೇರಿದರೆ ನಮ್ಮ ಮನೆಗಳ ಹಿರಿಯರಲ್ಲಿ ಎರಡು ಕಾರಣಗಳು ಸದಾ ಸಿದ್ಧವಾಗಿರುತ್ತವೆ. ಒಂದು, ಅವಳು ಕದ್ದು ಓದುವ ಪ್ರೇಮ ಕಾದಂಬರಿ. ಇನ್ನೊಂದು, ಅವಳ ಮೈಮೇಲೆ ಬಂದಿರುವ ಜಿನ್ನ್. ಮೊದಲನೆಯದಕ್ಕೆ ಪರಿಹಾರ, ಪುಸ್ತಕವನ್ನು ಕಿತ್ತು ಒಲೆಗೆ ಹಾಕುವುದು. ಎರಡನೆಯದಕ್ಕೆ ಪರಿಹಾರ, ಮಂತ್ರಿಸುವವನ ಮುಂದೆ ಸಾವಿರಾರು ರೂಪಾಯಿ ಇಟ್ಟು ಕೈಕಟ್ಟಿ ಕುಳಿತುಕೊಳ್ಳುವುದು. ಅವಳಿಗೆ ಕಾಯಿಲೆ ಇರಬಹುದು ಎಂಬ ಮೂರನೆಯ ಯೋಚನೆ ಆ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ವರ್ಷಗಳೇ ಕಳೆದುಹೋಗಿರುತ್ತವೆ. ಆ ವರ್ಷಗಳಿಗೆ ಯಾರು ಹೊಣೆ ಎಂಬುದು ನಮ್ಮ ಪ್ರಶ್ನೆ.

ನಾವು ಪ್ರೇಮ ಕಾದಂಬರಿಗಳ ವಕೀಲರಲ್ಲ. ಅವುಗಳಲ್ಲಿ ಹೆಚ್ಚಿನವು ಕಳಪೆ ಎಂಬುದೇ ನಮ್ಮ ಅಭಿಪ್ರಾಯ. ನಾಯಕನ ಕೋಪವನ್ನೂ ಅಹಂಕಾರವನ್ನೂ ಪ್ರೀತಿಯ ಲಕ್ಷಣವೆಂದು ಬಣ್ಣಿಸುವ, ಕಾರು ಬಂಗಲೆಗಳಿಲ್ಲದ ಗಂಡಸನ್ನು ಗಂಡಸೇ ಅಲ್ಲವೆಂಬಂತೆ ಚಿತ್ರಿಸುವ, ಮದುವೆಯಾದ ಮರುದಿನಕ್ಕೆ ಹೆಣ್ಣಿನ ಕಥೆಯೇ ಮುಗಿಯಿತೆಂದು ಸಾರುವ ಪುಸ್ತಕಗಳು ಹಿಂದೆ ಬಾಡಿಗೆ ಲೈಬ್ರರಿಗಳಲ್ಲಿದ್ದವು, ಇಂದು ಮೊಬೈಲಿನಲ್ಲಿವೆ. ಆದರೆ ಪುಸ್ತಕ ಓದಿ ಬುದ್ಧಿ ಭ್ರಮಣೆಯಾಗುತ್ತದೆ ಎಂಬ ಮಾತು ಮಾತ್ರ ಅಪ್ಪಟ ಅಜ್ಞಾನ.

ವಿಪರ್ಯಾಸವೆಂದರೆ, ಹೀಗೆ ಮೂಗು ಮುರಿಯುವ ಹಿರಿಯರಿಗೆ ಬುದ್ಧಿ ಹೇಳಬಲ್ಲ ಪುಸ್ತಕವೊಂದು ಅದೇ ಲೈಬ್ರರಿಯ ಕಪಾಟಿನಲ್ಲಿತ್ತು. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಹೆಂಗಸರ ಕಾದಂಬರಿಗಳೆಂದು ಹಗುರವಾಗಿ ಕಾಣಲಾದ ಅವರ ಕೃತಿಗಳಲ್ಲಿ ಮನೋರೋಗವು ರೋಗವಾಗಿಯೇ ಬರುತ್ತದೆ, ದೆವ್ವವಾಗಿ ಅಲ್ಲ. ಪುಟ್ಟಣ್ಣ ಕಣಗಾಲರು 1971ರಲ್ಲಿ ಚಲನಚಿತ್ರವಾಗಿಸಿದ 'ಶರಪಂಜರ'ವು ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಗೃಹಿಣಿಯ ಕಥೆ. ಆಸ್ಪತ್ರೆ ಅವಳನ್ನು ಗುಣಪಡಿಸುತ್ತದೆ. ಗುಣವಾಗಿ ಬಂದವಳನ್ನು ಹುಚ್ಚಿಯೆಂದೇ ನೋಡುವ ಮನೆ ಮತ್ತು ನೆರೆಹೊರೆ ಅವಳನ್ನು ಮತ್ತೆ ಕಾಯಿಲೆಗೆ ತಳ್ಳುತ್ತವೆ. ನಮ್ಮ ತಾಯಂದಿರು ಈ ಪುಸ್ತಕವನ್ನು ಓದಿದ್ದರೆ ಎಷ್ಟು ಬಾಣಂತಿಯರ ಕೊರಳು ತಾಯಿತದಿಂದ ಪಾರಾಗುತ್ತಿತ್ತೋ! ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವೋ ಮಾಟದ ಭಯವನ್ನು ರೋಚಕವಾಗಿ ಹೆಣೆದು ಕನ್ನಡದಲ್ಲಿಯೂ ಭರದಿಂದ ಓದಿಸಿಕೊಂಡಿತು. ಪ್ರೇಮದ ಪುಸ್ತಕವನ್ನು ಒಲೆಗೆ ಹಾಕಿದವರು ಮಾಟದ ಪುಸ್ತಕಕ್ಕೆ ಹಾಗೆ ಮಾಡಿದ್ದನ್ನು ನಾವು ಕೇಳಿಲ್ಲ.

ಇನ್ನು ಜಿನ್ನ್‌ಗಳ ವಿಚಾರ. ಇಲ್ಲಿ ನಮ್ಮ ಬಾಯಿ ಮುಚ್ಚಿಸಲು ಒಂದು ಪ್ರಶ್ನೆ ಸಾಕೆಂದು ಕೆಲವರು ಭಾವಿಸಿದ್ದಾರೆ: ಕುರ್‌ಆನಿನಲ್ಲಿ ಜಿನ್ನ್‌ಗಳ ಉಲ್ಲೇಖವಿಲ್ಲವೇ? ಇದೆ. ಅವುಗಳ ಹೆಸರಿನ ಅಧ್ಯಾಯವೇ ಇದೆ. ಆದರೆ 72ನೆಯದಾದ ಆ ಅಧ್ಯಾಯ ಹೇಳುವುದೇನು? ಮನುಷ್ಯರಲ್ಲಿ ಕೆಲವರು ಜಿನ್ನ್‌ಗಳ ಆಶ್ರಯ ಬೇಡುತ್ತಿದ್ದರು, ಅದರಿಂದ ಅವರ ದುರವಸ್ಥೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ ಎಂದು. ಜಿನ್ನ್‌ಗಳ ಅಸ್ತಿತ್ವವನ್ನು ನಂಬುವುದು ಬೇರೆ. ನಿದ್ದೆ ಬಾರದ, ಅಳು ನಿಲ್ಲದ, ಯಾರದೋ ಧ್ವನಿ ಕೇಳಿಸುತ್ತಿದೆ ಎನ್ನುವ ಪ್ರತಿಯೊಬ್ಬರ ಮೈಯಲ್ಲೂ ಜಿನ್ನ್ ಇದೆಯೆಂದು ತೀರ್ಪು ಕೊಡುವುದು ಬೇರೆ. ಎರಡನೆಯದಕ್ಕೆ ಕುರ್‌ಆನಿನಲ್ಲಿ ಆಧಾರವಿಲ್ಲ, ಇರುವುದು ಮಂತ್ರಿಸುವವನ ಜೇಬಿನಲ್ಲಿ.

ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಅದು ಕ್ರಿ.ಶ. 632. ಮಗುವಿನ ಸಾವಿಗೆ ಸೂರ್ಯನೇ ಮಸುಕಾದನೆಂದು ಜನರು ಆಡಿಕೊಂಡರು. ದುಃಖದ ಆ ಗಳಿಗೆಯಲ್ಲೂ, ತಮ್ಮ ಮನೆತನಕ್ಕೆ ಮಹಿಮೆ ತರುವಂತಿದ್ದ ಆ ಮಾತನ್ನು ಪ್ರವಾದಿಯವರು(ಸ) ನಿರಾಕರಿಸಿದರು. ಯಾರ ಹುಟ್ಟಿಗೂ ಸಾವಿಗೂ ಗ್ರಹಣವಾಗುವುದಿಲ್ಲ ಎಂದು ತಿಳಿಸಿದರು. ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯಿರೆಂದು ಅನುಚರರಿಗೆ ಕಲಿಸಿದವರೂ ಅವರೇ. ಅಂಥವರ ಅನುಯಾಯಿಗಳು ಆಸ್ಪತ್ರೆಯ ಚೀಟಿಗಿಂತ ಮಂತ್ರಿಸಿದ ನೂಲನ್ನು ಹೆಚ್ಚು ನಂಬುತ್ತಾರೆಂದರೆ ಏನೆನ್ನಬೇಕು? ರೋಗಿಗಾಗಿ ಪ್ರಾರ್ಥಿಸುವುದಕ್ಕೆ, ಕುರ್‌ಆನ್ ಪಾರಾಯಣ ಮಾಡುವುದಕ್ಕೆ ನಮ್ಮ ಆಕ್ಷೇಪವಿಲ್ಲ. ತಾಯಿ ತನ್ನ ಮಗುವಿನ ತಲೆಯ ಮೇಲೆ ಕೈಯಿಟ್ಟು ಮಾಡುವ ಪ್ರಾರ್ಥನೆಗೆ ಯಾರೂ ಶುಲ್ಕ ಕೇಳುವುದಿಲ್ಲ.

ಈ ರೋಗ ಎಲ್ಲಿಗೆ ಮುಟ್ಟಬಲ್ಲದೆಂದು ನೋಡಬೇಕಾದರೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯನ್ನು ನೆನಪಿಸಿಕೊಳ್ಳಬೇಕು. ಅಲ್ಲಿನ ದರ್ಗಾದಲ್ಲಿ ದುಷ್ಟಶಕ್ತಿಗಳು ಬಿಟ್ಟುಹೋಗುತ್ತವೆಂಬ ನಂಬಿಕೆಯಿಂದ ಹಿಂದೂಗಳೂ ಮುಸ್ಲಿಮರೂ ತಮ್ಮವರನ್ನು ಕರೆತರುತ್ತಿದ್ದರು. ಸುತ್ತಮುತ್ತ ಖಾಸಗಿಯವರು ರೋಗಿಗಳ 'ಮನೆ'ಗಳನ್ನು ತೆರೆದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥದೊಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರು ಓಡಲಾರದವರಾಗಿದ್ದರು, ಏಕೆಂದರೆ ಅವರನ್ನು ಸರಪಳಿಯಲ್ಲಿ ಬಿಗಿಯಲಾಗಿತ್ತು. 28 ಮಂದಿ ಸುಟ್ಟುಹೋದರು. ಅವರನ್ನು ಅಲ್ಲಿ ಬಿಟ್ಟುಬಂದ ಕುಟುಂಬಗಳು ಕ್ರೂರಿಗಳಾಗಿದ್ದವೆಂದು ನಾವು ಹೇಳುವುದಿಲ್ಲ. ಬೇರೆ ದಾರಿ ಕಾಣದವರೂ, ಕಂಡರೂ ಅದಕ್ಕೆ ಹಣ ಹೊಂದಿಸಲಾಗದವರೂ ಅವರಲ್ಲಿದ್ದಿರಬೇಕು. ಇಂದು ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಅದೇ ವರ್ಷ ಕರ್ನಾಟಕವು ವಾಮಾಚಾರದ ವಿರುದ್ಧ ಕಾಯ್ದೆ ಮಾಡಿತು, 2020ರಲ್ಲಿ ಅದು ಜಾರಿಗೆ ಬಂತು. ಆದರೆ ಮಗಳನ್ನು ಮುಚ್ಚಿದ ಕೋಣೆಯಲ್ಲಿ ಬೆತ್ತಕ್ಕೆ ಒಪ್ಪಿಸಿ ಹೊರಗೆ ಕಾಯುವ ತಂದೆಯ ಬಳಿಗೆ ಪೊಲೀಸರು ತಾವಾಗಿ ಬರುವುದಿಲ್ಲ.

ಇಲ್ಲಿಯೇ ಝಕಾತಿನ ಮಾತು ಬರುವುದು. ಜಿನ್ನ್ ಬಿಡಿಸುವವನಿಗೆ ಕೊಡುವ ಹಣಕ್ಕೆ ನಾವು ಹದ್ಯ, ಸದಕ ಎಂದೆಲ್ಲ ಪವಿತ್ರ ಹೆಸರುಗಳನ್ನಿಟ್ಟಿದ್ದೇವೆ. ಅದು ದಾನವಲ್ಲ, ಭಯಕ್ಕೆ ತೆತ್ತ ಸುಂಕ. ಕುರ್‌ಆನಿನ 9ನೇ ಅಧ್ಯಾಯದ 60ನೇ ವಚನವು ಝಕಾತಿನ ಹಕ್ಕುದಾರರನ್ನು ಎಂಟು ವರ್ಗಗಳಾಗಿ ಹೆಸರಿಸಿದೆ. ಬಡವರಿಂದ ಅದು ಆರಂಭವಾಗುತ್ತದೆ. ಸಾಲದಲ್ಲಿ ಮುಳುಗಿದವರಿದ್ದಾರೆ, ಪ್ರಯಾಣಿಕರಿದ್ದಾರೆ. ಮಂತ್ರವಾದಿ ಇಲ್ಲ.

ಹಾಗಾದರೆ ನಿಜವಾದ ಝಕಾತನ್ನು ನಾವು ಏನು ಮಾಡುತ್ತಿದ್ದೇವೆ? ಪೇಟೆಯ ಒಬ್ಬ ವ್ಯಾಪಾರಿಯನ್ನು ತೆಗೆದುಕೊಳ್ಳೋಣ. ಸಾಲ ಕಳೆದು ಅವರ ಬಳಿ 8 ಲಕ್ಷ ರೂಪಾಯಿಯ ಸರಕು ಮತ್ತು ನಗದು ಇದೆ ಎನ್ನೋಣ. ಶೇ. 2.5ರಂತೆ ವರ್ಷಕ್ಕೆ 20 ಸಾವಿರ ರೂಪಾಯಿ ಝಕಾತ್. ರಮಝಾನಿನ ಕೊನೆಯ ದಿನಗಳಲ್ಲಿ ಅಂಗಡಿಯ ಮುಂದೆ ಸಾಲು ನಿಂತವರಿಗೆ 50 ರೂಪಾಯಿಯ ನೋಟು ಹಂಚಿದರೆ 400 ಕೈಗಳಿಗೆ ತಲುಪುತ್ತದೆ. ಈದ್ ಕಳೆದ ಮೇಲೆ ಆ 400 ಮಂದಿಯಲ್ಲಿ ಒಬ್ಬರ ಸ್ಥಿತಿಯಾದರೂ ಬದಲಾಗಿರುತ್ತದೆಯೇ? ಅದೇ 20 ಸಾವಿರ ಒಂದು ಬಡ ರೋಗಿಯ ಕುಟುಂಬದ ಕೈ ಸೇರಿದರೆ ಚಿತ್ರವೇ ಬೇರೆ. ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಉಚಿತವಾಗಿ ಸಿಗಬಹುದು. ಆದರೆ ಬಸ್ಸಿನ ಚಾರ್ಜು, ಜತೆಗೆ ಹೋಗುವವರ ಒಂದು ದಿನದ ಕೂಲಿ, ಹೊರಗಿನಿಂದ ತರಬೇಕಾದ ಔಷಧಿ, ಇವುಗಳೇ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದು. ಔಷಧಿ ನಿಂತರೆ ರೋಗ ಮರಳುತ್ತದೆ, ರೋಗ ಮರಳಿದರೆ ಮಂತ್ರವಾದಿಯ ಮನೆಯ ಬಾಗಿಲು ಮತ್ತೆ ತೆರೆಯುತ್ತದೆ.

ಝಕಾತಿನಿಂದ ಆಸ್ಪತ್ರೆಯ ಬಿಲ್ಲು ಕಟ್ಟಬಹುದೇ ಎಂಬಂಥ ವಿವರಗಳಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ನಮಗೆ ಗೊತ್ತು. ಆದರೆ ಬಡವನಾದ ರೋಗಿಯ ಕೈಗೇ ಹಣ ಕೊಡುವುದಕ್ಕೆ ಯಾವ ಮದ್‌ಹಬಿನ ಅಡ್ಡಿಯಿದೆ? ಹಝ್ರತ್ ಮುಆದ್‌ರನ್ನು(ರ) ಯಮನ್‌ಗೆ ಕಳುಹಿಸಿದಾಗ ಅಲ್ಲಿನ ಶ್ರೀಮಂತರಿಂದ ಪಡೆದು ಅಲ್ಲಿನ ಬಡವರಿಗೆ ಮರಳಿಸುವಂತೆ ಪ್ರವಾದಿಯವರು(ಸ) ಸೂಚಿಸಿದ್ದರು. ಊರಿನ ಬಡವರನ್ನು ಹುಡುಕಿ ತಲುಪಿಸುವ ಕೆಲಸ ಅದು. ಬಡವರನ್ನು ಬಿಸಿಲಲ್ಲಿ ಸಾಲು ನಿಲ್ಲಿಸುವ ಕೆಲಸವಲ್ಲ.

ಚಿಕಿತ್ಸೆ ಎಲ್ಲಿದೆ ಎಂದು ಕೇಳುವವರಿಗೂ ಉತ್ತರವಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾಯಿತು. 2022ರಿಂದ 14416 ಸಂಖ್ಯೆಯ ಟೆಲಿ ಮನಸ್ ಉಚಿತ ಸಹಾಯವಾಣಿಯಿದೆ, ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡಬಹುದು. ಜುಮಾದ ಪ್ರವಚನದಲ್ಲಿ ಖತೀಬರು ಈ ಐದು ಅಂಕಿಗಳನ್ನು ಒಮ್ಮೆ ಓದಿ ಹೇಳಿದರೆ ಮಿಂಬರಿನ ಘನತೆಗೆ ಕುಂದು ಬಾರದು.

ನಮ್ಮ ಲೆಕ್ಕಪುಸ್ತಕದಲ್ಲಿ ಇಂಥ ಖಾತೆಯೇ ಇಲ್ಲವೆಂದು ಜಮಾಅತ್ ಸಮಿತಿಗಳು ಹೇಳಬಹುದು. ಮಸೀದಿಯ ಏಸಿಗೂ, ಮಿನಾರದ ದೀಪಾಲಂಕಾರಕ್ಕೂ ಒಂದು ಕಾಲದಲ್ಲಿ ಖಾತೆ ಇರಲಿಲ್ಲ. ಬೇಕೆನಿಸಿದಾಗ ತೆರೆದೆವು. ಬರುವ ಶಅಬಾನಿನ ಸಭೆಯಲ್ಲಿ ಕಾರ್ಯದರ್ಶಿಯವರು ಒಂದು ಹೊಸ ಪುಟ ತೆರೆಯಲಿ. ಮೊದಲ ಹೆಸರಿಗಾಗಿ ಅವರು ಬಹಳ ದೂರ ಹೋಗಬೇಕಾಗಿಲ್ಲ. ಮೊಹಲ್ಲಾದಲ್ಲಿ ಯಾರ ಮನೆಯ ಮಗಳು ಎರಡು ವರ್ಷದಿಂದ ಹೊರಗೆ ಕಾಣಿಸಿಲ್ಲವೆಂದು ಅಲ್ಲಿ ಕುಳಿತ ಎಲ್ಲರಿಗೂ ಗೊತ್ತಿರುತ್ತದೆ.