ಹವಾಮಾನದ ಅಂಕಿ ಮತ್ತು ಮಜೂರನ ಬೆವರು

ಕಳೆದ ವಾರ ವಡಗಾವಿಯ ಒಂದು ಮಗ್ಗದ ಮನೆಗೆ ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ. ಮೇಲೆ ಪತ್ರಾಸಿನ ಛಾವಣಿ, ಒಳಗೆ ನಾಲ್ಕು ಪಾವರಲೂಮು, ಇರುವದೊಂದು ಕಿಟಕಿ, ಅದಕ್ಕೂ ಗೋಣಿತಟ್ಟಿನ ಪರದೆ. ಹತ್ತು ನಿಮಿಷ ನಿಂತುದಕ್ಕೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ನೇಕಾರ ಬಾಂಧವನೊಬ್ಬನು ಮಗ್ಗ ನಿಲ್ಲಿಸದೆಯೇ ಕೇಳಿದನು: “ಮಾಸ್ತರ್ರ, ಪೇಪರಿನ್ಯಾಗ ಮೂವತ್ನಾಕು ಡಿಗ್ರಿ ಅಂತ ಬರದಾರ. ಆ ಮೂವತ್ನಾಕು ಯಾವ ಊರಾಂದರಿ?”

ಮಾಸ್ತರಿಕೆ ಬಿಟ್ಟು ವರ್ಷಗಳಾದರೂ ಪ್ರಶ್ನೆಗೆ ಉತ್ತರ ಹೇಳುವ ಚಟ ನನ್ನನ್ನು ಬಿಟ್ಟಿಲ್ಲ. ಆದರೆ ಅಂದು ಆ ಗದ್ದಲದಲ್ಲಿ ನನ್ನ ಮಾತು ಯಾರಿಗೂ ಕೇಳುವಂತಿರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತೇನೆ.

ಆ ಮೂವತ್ನಾಲ್ಕು ಸಾಂಬ್ರಾದ್ದು. ಊರ ಮೂಡಲಿಗೆ ವಿಮಾನ ನಿಲ್ದಾಣದ ಬಯಲಿನಲ್ಲಿ ಅಳೆದ ಅಂಕಿ. ಇಂಥ ಮಾಪಕಗಳನ್ನು ಬಿಳಿ ಬಣ್ಣ ಬಳಿದ, ಗಾಳಿ ಆಡುವ ಪಟ್ಟಿಗಳಿರುವ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಸಿಲು ನೇರ ಬೀಳದಂತೆ ಇಡುವದು ರೂಢಿ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯಾಗಿ ಅಳೆದರೆ ಮಾತ್ರ ಊರಿಗೂ ಊರಿಗೂ ಹೋಲಿಕೆ ಸಾಧ್ಯ. 1875ರಲ್ಲಿ ಸ್ಥಾಪನೆಯಾದ ಹವಾಮಾನ ಖಾತೆ ಈ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತ ಬಂದಿದೆ. ಆದರೆ ನೆರಳು, ಗಾಳಿ, ಬಿಳಿ ಬಣ್ಣ ಈ ಮೂರೂ ಇರುವ ಆ ಪೆಟ್ಟಿಗೆಯಲ್ಲಿ ನಮ್ಮ ಮಜೂರರಲ್ಲಿ ಯಾರೊಬ್ಬರಾದರೂ ವಾಸವಾಗಿದ್ದಾರೆಯೇ?

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ಖಾನಾಪುರದ ಕುಂಬಾರರು ಮಾಡಿದ ಗಡಿಗೆಯಲ್ಲಿ ನೀರು ಏಕೆ ತಂಪಾಗುತ್ತದೆ? ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಗಡಿಗೆಯ ಕಾವನ್ನು ಒಯ್ಯುತ್ತದೆ. ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ಆ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ಮೇ ತಿಂಗಳ ಕೊನೆಗೆ ಪಡುವಣ ಗಾಳಿ ಸಮುದ್ರದ ಹಸಿಯನ್ನು ಹೊತ್ತು ಚೋರ್ಲಾ ಘಟ್ಟ ಹತ್ತಿ ಬಂದಾಗ ಅದೇ ಗಡಿಗೆ ಮೈಯೆಲ್ಲ ತೊಯ್ದು ಕುಳಿತಿರುತ್ತದೆ, ನೀರು ಮಾತ್ರ ಉಗುರುಬೆಚ್ಚಗೆ. ಮನುಷ್ಯನ ಮೈಯೂ ಇಂಥದೊಂದು ಗಡಿಗೆಯೇ. ಬೆವರು ಸುರಿದರೆ ಸಾಲದು, ಅದು ಆರಬೇಕು. ಗಾಳಿಯೇ ಹಸಿಯಿಂದ ತುಂಬಿದಾಗ ಬೆವರು ಆರುವದಿಲ್ಲ, ಒಳಗಿನ ಕಾವು ಹೊರಗೆ ಹೋಗುವದಿಲ್ಲ.

ಇದನ್ನು ಅಳೆಯಲು ಶಾಲೆಯ ಹುಡುಗನಿಗೂ ಸಾಧ್ಯ. ಉಷ್ಣಮಾಪಕದ ಬುರುಡೆಗೆ ಒದ್ದೆ ಅರಿವೆ ಸುತ್ತಿ ಗಾಳಿಗೆ ಹಿಡಿದರೆ ತೋರುವದೇ ಒದ್ದೆ ಬುರುಡೆಯ ಅಂಕಿ. ಲೆಕ್ಕ ನೋಡಿರಿ. 40 ಡಿಗ್ರಿ ಬಿಸಿಲು, ಗಾಳಿಯ ಆರ್ದ್ರತೆ ನೂರಕ್ಕೆ 20 ಇದ್ದರೆ ಒದ್ದೆ ಬುರುಡೆ ಸುಮಾರು 23 ತೋರುತ್ತದೆ. ಬರೇ 34 ಡಿಗ್ರಿ, ಆರ್ದ್ರತೆ ನೂರಕ್ಕೆ 60 ಇದ್ದರೆ ಅದು 27ನ್ನು ದಾಟುತ್ತದೆ. ಹಾಗಾದರೆ ಮೈಗೆ ಹೆಚ್ಚು ಕಠಿಣವಾದ ದಿನ ಯಾವುದು? ಎರಡನೆಯದು. ಆದರೆ ಖಾತೆಯ ನಿಯಮದಂತೆ ಬಯಲು ಸೀಮೆಯಲ್ಲಿ ಉಷ್ಣತೆ 40ನ್ನು ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದಾಗಲೇ ಅದಕ್ಕೆ ಬಿಸಿಗಾಳಿ ಎಂಬ ಹೆಸರು. ಮೂವತ್ನಾಲ್ಕರ ಧಗೆಗೆ ಆ ಹೆಸರಿಲ್ಲ. ಹೆಸರಿಲ್ಲದ ಕಷ್ಟಕ್ಕೆ ಕಚೇರಿಯಲ್ಲಿ ಫೈಲೂ ಇಲ್ಲ. 2023ರಿಂದ ಖಾತೆಯು ಸೆಕೆಯನ್ನೂ ಕೂಡಿಸಿದ ಒಂದು ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಕೊಡತೊಡಗಿದ್ದು ಒಳ್ಳೆಯದೇ. ಅದು ಮಗ್ಗದ ಓಣಿಯವರೆಗೆ ಬರಬೇಕಲ್ಲ!

ಈ ತಿಳುವಳಿಕೆ ನಿನ್ನೆ ಮೊನ್ನೆಯದಲ್ಲ. ಹಾಲ್ಡೇನ್ ಎಂಬ ಸ್ಕಾಟಲಂಡ ಮೂಲದ ವಿಜ್ಞಾನಿ 1905ರಲ್ಲಿಯೇ, ನಿಂತ ಗಾಳಿಯಲ್ಲಿ ಒದ್ದೆ ಬುರುಡೆ ಸುಮಾರು 31ನ್ನು ದಾಟಿದರೆ ಸುಮ್ಮನೆ ಕುಳಿತವನ ಮೈಕಾವೂ ಏರತೊಡಗುವದೆಂದು ತೋರಿಸಿದ್ದನು. ಅಮೇರಿಕೆಯ ಪೆನ್ಸಿಲ್ವೇನಿಯಾದಲ್ಲಿ ತರುಣರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳೂ ಹೆಚ್ಚು ಕಡಿಮೆ ಅಲ್ಲಿಗೇ ಬಂದು ನಿಂತವು. ಅವನಿಗಿಂತಲೂ ಮೊದಲು ಇದನ್ನು ತಿಳಿದವರು ಲ್ಯಾಂಕಶೈರದ ನೇಕಾರರು. ನೂಲು ಒಣಗಿದರೆ ಹರಿಯುತ್ತದೆಂದು ಅಲ್ಲಿಯ ಮಾಲಕರು ಗಿರಣಿಯೊಳಗೆ ಉಗಿ ಬಿಡುತ್ತಿದ್ದರು. ಎಳೆಗೆ ಹಿತವಾದದ್ದು ಆಳಿಗೆ ಅಹಿತ. ಕಾಮಗಾರರ ಕೂಗಿನಿಂದಾಗಿ 1889ರಲ್ಲಿ ಆ ಹಸಿಗೆ ಮಿತಿ ಹಾಕುವ ಕಾಯ್ದೆ ಬಂದಿತು.

ನಮ್ಮಲ್ಲಿಯೂ 1948ರ ಕಾರ್ಖಾನೆ ಕಾಯ್ದೆಯಲ್ಲಿ 13ನೆಯ ಕಲಮು ಗಾಳಿ ಮತ್ತು ಉಷ್ಣತೆಗಾಗಿ, 15ನೆಯದು ಕೃತಕ ಹಸಿಗಾಗಿ, 18ನೆಯದು ಕುಡಿಯುವ ನೀರಿಗಾಗಿ ಇದ್ದವು. 250ಕ್ಕಿಂತ ಹೆಚ್ಚು ಜನರಿರುವಲ್ಲಿ ಬೇಸಗೆಯಲ್ಲಿ ತಂಪು ನೀರನ್ನೇ ಕೊಡತಕ್ಕದ್ದೆಂಬ ಮಾತೂ ಇತ್ತು. ವಿದ್ಯುತ್ತಿನಿಂದ ನಡೆಯುವ ಕಡೆ 10 ಜನರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ 10 ಎಂಬುದು 20 ಆಯಿತು. ವಡಗಾವಿ, ಶಹಾಪುರ, ಖಾಸಬಾಗದ ನಾಲ್ಕು ಮಗ್ಗದ ಮನೆಗಳು ಮೊದಲೂ ಹೊರಗಿದ್ದವು, ಈಗ ಇನ್ನೂ ದೂರವಾದವು. ಅಲ್ಲಿ ಸೀರೆಗೆ ಇಷ್ಟೆಂದು ಮಜೂರಿ. ತಲೆ ತಿರುಗಿ ಒಂದು ತಾಸು ಕುಳಿತರೆ ಆ ತಾಸಿನ ಕೂಲಿಯಿಲ್ಲ.

ಇನ್ನು ಖಾನಾಪುರ. ಬೆಳಗಾವಿಯಿಂದ ಒಂದು ತಾಸಿನ ದಾರಿಯೂ ಅಲ್ಲ, ಆದರೆ ಹವೆಯೇ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಸುರಿಯುವ ಮಳೆಗೂ ಅದೇ ನದಿಗೆ ಅಣೆಕಟ್ಟು ಕಟ್ಟಿದ ಸವದತ್ತಿಯ ಮಳೆಗೂ ಆನೆ ಆಡಿನ ಅಂತರ. ಬೇಸಗೆಯಲ್ಲಿ ಕೆಳಗೆ ಪಡುವಣದ ಹಸಿಗಾಳಿ, ಅದಕ್ಕೆದುರಾಗಿ ಒಳನಾಡಿನ ಒಣಗಾಳಿ. ಇವೆರಡೂ ಕೂಡುವಲ್ಲಿ ಸಂಜೆಗೆ ಗುಡುಗು, ಮಿಂಚು, ಒಮ್ಮೊಮ್ಮೆ ಆನೆಕಲ್ಲು. ನಾವು ಅಡ್ಡಮಳೆ ಎನ್ನುವದನ್ನು ನಮ್ಮ ಮರಾಠಿ ನೆರೆಯವರು ವಳೀವ ಎನ್ನುತ್ತಾರೆ. ತೊಯ್ಯುವವರು ಇಬ್ಬರೂ.

ಊರಿನವನಿಗೆ ಆ ಮಳೆ ತಂಪು. ಖಾನಾಪುರದ ಇಟ್ಟಿಗೆ ಭಟ್ಟಿಯವನಿಗೆ ಅದು ಸಂಕಟ. ಸಾಲಾಗಿ ಒಣಹಾಕಿದ ಹಸಿ ಇಟ್ಟಿಗೆಯ ಮೇಲೆ ಅರ್ಧ ತಾಸು ಮಳೆ ಬಿದ್ದರೆ ವಾರದ ದುಡಿಮೆ ತಿರುಗಿ ಕೆಸರಾಗುತ್ತದೆ. ಅವನಿಗೆ ಮುನ್ಸೂಚನೆ ಏನು ಹೇಳುತ್ತದೆ? “ಬೆಳಗಾವಿ ಜಿಲ್ಲೆಯ ಅಲ್ಲಲ್ಲಿ ಗುಡುಗುಸಹಿತ ಮಳೆಯ ಸಂಭವ.” ಈ ‘ಅಲ್ಲಲ್ಲಿ’ ಎಂದರೆ ಖಾತೆಯ ಭಾಷೆಯಲ್ಲಿ ನೂರು ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಇಪ್ಪತ್ತೈದು. ಜಿಲ್ಲೆಯೋ ಲೋಂಡಾದಿಂದ ಅಥಣಿಯವರೆಗೆ ಹಬ್ಬಿದೆ. ಲೋಂಡಾದವನೂ ಅಥಣಿಯವನೂ ಒಂದೇ ಕೊಡೆಯ ಕೆಳಗೆ! ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂದು ಕೂಡಿಸಿದೆ, ‘ವರುಣ ಮಿತ್ರ’ ಎಂಬ ದೂರವಾಣಿ ಸೇವೆಯನ್ನೂ ಇಟ್ಟಿದೆ. ಭಟ್ಟಿಯಲ್ಲಿ ದುಡಿಯುವ ಎಷ್ಟು ಜನರಿಗೆ ಇದು ಗೊತ್ತು? ಊರೂರು ಸುತ್ತುವ ನಮ್ಮಂಥವರೂ ಹೇಳಿಲ್ಲ. ತಪ್ಪು ನಮ್ಮದೂ ಇದೆ.

2025ರ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಾಗಿ ಸರಕಾರವು ಕಲಬುರ್ಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆಗಳಲ್ಲಿ ಕಚೇರಿಯ ವೇಳೆಯನ್ನು ಮುಂಜಾನೆ 8ರಿಂದ ಮಧ್ಯಾಹ್ನ 1-30ರವರೆಗೆ ಬದಲಿಸಿತು. ಸರಿಯಾದ ಕೆಲಸ, ನೌಕರರೂ ಮನುಷ್ಯರೇ. ಆದರೆ ಆ ಆದೇಶ ಹಮಾಲನ ಬೆನ್ನಿಗೆ ಅನ್ವಯಿಸಲಿಲ್ಲ. ಗಣಪತಿ ಗಲ್ಲಿಯಲ್ಲಿ ಬುಟ್ಟಿ ಇಟ್ಟು ಕುಳಿತ ಕಾಯಿಪಲ್ಯದ ತಾಯಿಗೂ ಅಷ್ಟೆ. ಹನ್ನೆರಡರಿಂದ ನಾಲ್ಕರವರೆಗೆ ಗಿರಾಕಿಯಿಲ್ಲ, ಮೆಂತ್ಯ ಕೊತ್ತಂಬರಿ ಬಾಡುತ್ತವೆ, ಮುಂಜಾನೆ ತಂದ ಸಾಲದ ಬಡ್ಡಿ ಮಾತ್ರ ಬಾಡುವದಿಲ್ಲ.

ಮಾಡಲಾಗದ್ದೇನೂ ಅಲ್ಲ. ಗಿರಣಿಗಳ ಊರಾದ ಅಹಮದಾಬಾದಿನ ಮಹಾನಗರಪಾಲಿಕೆ, 2010ರ ಬಿಸಿಲಿನಲ್ಲಿ ಪೆಟ್ಟು ತಿಂದು, 2013ರಲ್ಲಿಯೇ ಬಿಸಿಲಿನ ಕಾರ್ಯಯೋಜನೆ ಮಾಡಿತು. ಗುಜರಾತಿನ ‘ಸೇವಾ’ ಮಹಿಳಾ ಸಂಘಟನೆಯು 2023ರಲ್ಲಿ, ಉಷ್ಣತೆ ಗೊತ್ತುಪಡಿಸಿದ ಅಂಕಿ ದಾಟಿದರೆ ದುಡಿಯುವ ಹೆಂಗಸರಿಗೆ ಹಣ ಸಿಗುವ ವಿಮೆಯನ್ನು ಆರಂಭಿಸಿತು. ಅಂಥದು ನಮ್ಮಲ್ಲಿ ಬಂದರೆ ಒಣ ಅಂಕಿಯನ್ನಷ್ಟೇ ಹಿಡಿಯಬಾರದು. ಹಿಡಿದರೆ ಬೆಳಗಾವಿಯ ಮಜೂರ ಕಂತು ಕಟ್ಟುತ್ತಲೇ ಇರುತ್ತಾನೆ, ದುಡ್ಡು ಬರುವದಿಲ್ಲ.

ನಾಲ್ಕು ಮಗ್ಗದ ಮಾಲಕನೂ ಸಾಲಗಾರನೇ ಎಂಬುದನ್ನು ನಾನು ಬಲ್ಲೆ. ಮಧ್ಯಾಹ್ನ ನಿಂತ ಮಗ್ಗದ ಕೂಲಿಯನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟುವದು ನ್ಯಾಯವಲ್ಲ, ಅದರಲ್ಲಿ ಸರಕಾರದ ಪಾಲು ಇರಲೇಬೇಕು. ಪತ್ರಾಸಿಗೆ ಸುಣ್ಣ ಬಳಿಯಲು, ಎರಡನೆಯ ಕಿಟಕಿ ತೆರೆಯಲು ಮಾತ್ರ ಅವನು ಯಾರ ದಾರಿಯನ್ನೂ ಕಾಯಬೇಕಾಗಿಲ್ಲ. ಮಹಾನಗರಪಾಲಿಕೆಯವರು ಮಗ್ಗದ ಓಣಿಗಳಲ್ಲಿ, ಪೇಟೆಯಲ್ಲಿ, ಖಾನಾಪುರದವರು ಬಸ್ ನಿಲ್ದಾಣದಲ್ಲಿ ಪ್ರತಿದಿನ ಎರಡೂ ಅಂಕಿಗಳನ್ನು ಹಲಗೆಯ ಮೇಲೆ ಬರೆಯಿಸಲಿ. ಬೇಕಾಗುವದು ಎರಡು ಉಷ್ಣಮಾಪಕ ಮತ್ತು ಒಂದು ತುಂಡು ಅರಿವೆ. ಅರಿವೆಯನ್ನು ವಡಗಾವಿಯವರು ಪುಕ್ಕಟೆ ಕೊಟ್ಟಾರು.