ಹೊಲದ ದುಡಿಮೆ ಜನಗಣತಿಯ ಲೆಕ್ಕಕ್ಕೆ ಬರುವುದು ಹೇಗೆ?



ರಾಷ್ಟ್ರೀಯ ಜನಗಣತಿಯ ಎರಡನೆಯ ಹಂತವಾದ ಜನಸಂಖ್ಯಾ ಎಣಿಕೆಯು 2027ರ ಫೆಬ್ರವರಿಯಲ್ಲಿ ನಡೆಯಲಿದೆ. ಆ ವೇಳೆಗೆ ಕಬ್ಬು ಕಟಾವು ಇನ್ನೂ ಮುಗಿದಿರುವುದಿಲ್ಲ. ಹಿಂಗಾರಿ ಜೋಳ, ಕಡಲೆಯ ಕೊಯ್ಲು ನಡೆದಿರುತ್ತದೆ. ಅಂತಹ ಬಿಡುವಿಲ್ಲದ ದಿನಗಳಲ್ಲಿ ಗಣತಿದಾರರು ತಮ್ಮ ಮನೆಗೆ ಬಂದು ಪ್ರತಿಯೊಬ್ಬ ಸದಸ್ಯರ ಕೆಲಸದ ಬಗ್ಗೆ ಕೇಳುತ್ತಾರೆ. ಬೇಸಾಯ ವಿಜ್ಞಾನಿಗೆ ಗಣತಿಯ ಗೊಡವೆ ಏಕೆಂದು ತಾವು ಕೇಳಬಹುದು. ಒಂದು ಗ್ರಾಮದಲ್ಲಿ ಎಷ್ಟು ಸಾಗುವಳಿದಾರರು, ಎಷ್ಟು ಕೃಷಿ ಕೂಲಿಕಾರರು, ಅವರಲ್ಲಿ ಮಹಿಳೆಯರೆಷ್ಟು ಎಂಬುದನ್ನು ಮನೆಮನೆಗೂ ಹೋಗಿ ಎಣಿಸಿ ಗ್ರಾಮವಾರು ತಿಳಿಸುವುದು ಜನಗಣತಿಯೇ. ನಿರುದ್ಯೋಗದ ಪ್ರಮಾಣವನ್ನು ಪ್ರಕಟಿಸುವ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯು 2017ರಿಂದ ನಡೆಯುತ್ತಿದೆಯಾದರೂ ಅದು ಆಯ್ದ ಕುಟುಂಬಗಳ ಸಮೀಕ್ಷೆ. ಮೂಡಲಗಿ ತಾಲೂಕಿನ ಕುಲಗೋಡದ ಸ್ಥಿತಿಯನ್ನು ಅದರಿಂದ ಅರಿಯಲಾಗದು.

2011ರ ಗಣತಿಯ ವ್ಯಾಖ್ಯೆಗಳನ್ನು ಮೊದಲು ನೋಡೋಣ. ಎಣಿಕೆಯ ದಿನದಿಂದ ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು, ಅಂದರೆ 183 ದಿನ ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರು ಸೀಮಾಂತ ಕೆಲಸಗಾರರು. ಏನೂ ದುಡಿಯದವರು ಮೂರನೆಯ ಗುಂಪು. ದುಡಿಮೆಗೆ ಕೂಲಿಯೋ ಲಾಭವೋ ಬಂದಿರಬೇಕೆಂಬ ನಿಯಮವಿಲ್ಲ. ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸ, ಅರೆಕಾಲಿಕ ನೆರವು, ಕೇವಲ ಮನೆಯ ಬಳಕೆಗಾಗಿ ಮಾಡಿದ ಸಾಗುವಳಿ ಮತ್ತು ಹಾಲು ಉತ್ಪಾದನೆ, ಇವೆಲ್ಲವೂ ಕೆಲಸವೇ.

ಮಾದರಿಗಾಗಿ ಕುಲಗೋಡದ ಒಂದು ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಮೂರು ಎಕರೆ ಕಬ್ಬು, ಒಂದು ಎಕರೆ ಗೋವಿನಜೋಳ, ಎರಡು ಎಮ್ಮೆ. ಯಜಮಾನರು ಸಾಗುವಳಿದಾರರು, ಅದರಲ್ಲಿ ಗೊಂದಲವಿಲ್ಲ. ಹೊಲಕ್ಕೆ ಇಳಿಯಲಾಗದಿದ್ದರೂ ಯಾವ ಕೆಲಸ ಎಂದು, ಹೇಗೆ ಆಗಬೇಕೆಂದು ಹೇಳಿ ಮಾಡಿಸುವ ಅವರ ತಂದೆಯೂ ಸಾಗುವಳಿದಾರರೇ, ಏಕೆಂದರೆ ಮೇಲ್ವಿಚಾರಣೆಯೂ ಸಾಗುವಳಿಯೆಂದು ವ್ಯಾಖ್ಯೆಯಲ್ಲಿದೆ. ತೊಡಕು ಹುಟ್ಟುವುದು ಯಜಮಾನಿತಿಯ ವಿಷಯದಲ್ಲಿ. ಬೀಜೋಪಚಾರದ ಪ್ರಾತ್ಯಕ್ಷಿಕೆಗೆ ಹೋದಾಗ ಇಂತಹ ಮನೆಗಳಲ್ಲಿ ನಾನು ಹಲವು ಬಾರಿ ಕೇಳಿದ ಉತ್ತರ ಒಂದೇ: "ಆಕಿ ಏನೂ ಕೆಲಸ ಮಾಡೂದಿಲ್ರೀ, ಮನ್ಯಾಗ ಇರ್ತಾಳ." ಹೀಗೆ ಹೇಳುವಾಗ ಆಕೆ ಹೊಲದಲ್ಲಿ ಕಸ ತೆಗೆಯುತ್ತಿರುತ್ತಾರೆ, ಇಲ್ಲವೇ ಎಮ್ಮೆಗೆ ಮೇವು ಹೊತ್ತು ತರುತ್ತಿರುತ್ತಾರೆ. ಗಣತಿದಾರರೂ ಅವಸರದಲ್ಲಿದ್ದರೆ "ಮನೆಗೆಲಸ" ಎಂದು ದಾಖಲಾಗಿ ಆ ದುಡಿಮೆಯೆಲ್ಲ ಅಳಿಸಿಹೋಗುತ್ತದೆ. ಬಿತ್ತನೆ, ಕಸ ತೆಗೆಯುವುದು, ರಾಶಿ, ಕಬ್ಬಿನ ನಾಟಿ ಇವುಗಳ ದಿನಗಳನ್ನು ಕೂಡಿಸಿ ನೋಡಿ. ಅದರ ಮೇಲೆ ಎಮ್ಮೆಯ ಕೆಲಸಕ್ಕೆ ರಜೆಯ ದಿನವೇ ಇಲ್ಲ. 183 ದಿನ ದಾಟುವುದು ಕಷ್ಟವೇನಲ್ಲ. ಹೊಲದ ಕೆಲಸ ಹೆಚ್ಚಿದ್ದರೆ ಆಕೆ ಸಾಗುವಳಿದಾರರು. ಹೈನುಗಾರಿಕೆಯೇ ಪ್ರಧಾನವಾಗಿದ್ದರೆ "ಇತರ ಕೆಲಸಗಾರರು". ಯಾವುದೇ ಆಗಲಿ, ಮುಖ್ಯ ಕೆಲಸಗಾರರು.

ಪ್ರಶ್ನೆಯ ಮಾತು ಬದಲಾದರೆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯಿದೆ. 1961ರ ಗಣತಿಯಲ್ಲಿ ಹಂಗಾಮಿನ ಬಹುಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದವರನ್ನೂ ಕೆಲಸಗಾರರೆಂದು ಎಣಿಸಲಾಯಿತು. 1971ರಲ್ಲಿ ವ್ಯಕ್ತಿಯ ಮುಖ್ಯ ಚಟುವಟಿಕೆ ಯಾವುದೆಂದು ಮೊದಲು ಕೇಳಲಾಯಿತು. ದೇಶದ ಮಹಿಳಾ ಕೆಲಸಗಾರರ ಸಂಖ್ಯೆ ಸುಮಾರು 5.9 ಕೋಟಿಯಿಂದ ಸುಮಾರು 3.1 ಕೋಟಿಗೆ ಇಳಿಯಿತು. ಆ ಹತ್ತು ವರ್ಷಗಳಲ್ಲಿ ಅಷ್ಟೊಂದು ಹೆಣ್ಣುಮಕ್ಕಳು ಕುಡುಗೋಲು ಕೆಳಗಿಟ್ಟರೇ? ಇಲ್ಲ, "ಮುಖ್ಯ ಕೆಲಸವೇನು" ಎಂದಾಗ ಬಹಳ ಮನೆಗಳಲ್ಲಿ "ಅಡಿಗೆ" ಎಂಬ ಉತ್ತರ ಬಂದಿತು. ಮುಖ್ಯ, ಸೀಮಾಂತ ಎಂಬ ವಿಂಗಡಣೆ 1981ರಲ್ಲಿ ಬಂದಿತು. 1991ರಲ್ಲಿ ಸಂಬಳವಿಲ್ಲದ ಹೊಲದ ದುಡಿಮೆಯನ್ನು ಪ್ರಶ್ನೆಯಲ್ಲೇ ಹೆಸರಿಸಲಾಯಿತು. ಹಾಗಿದ್ದೂ 2011ರಲ್ಲಿ ಕೆಲಸದಲ್ಲಿರುವವರ ಪ್ರಮಾಣ ಪುರುಷರಲ್ಲಿ ಶೇ. 53.3, ಮಹಿಳೆಯರಲ್ಲಿ ಶೇ. 25.5 ಮಾತ್ರ.

ಇನ್ನು ಅದೇ ಮನೆಯ ಮಗ. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ; ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಎದ್ದು ಕಬ್ಬಿಗೆ ನೀರು ಹಾಯಿಸುತ್ತಾನೆ. ಮನೆಯವರು ಅವನನ್ನು ನಿರುದ್ಯೋಗಿ ಎನ್ನುತ್ತಾರೆ. ಗಣತಿಯು ಮೊದಲು ಕೇಳುವುದು ದುಡಿಮೆಯನ್ನು. 2011ರಲ್ಲಿ "ಕೆಲಸ ಹುಡುಕುತ್ತಿದ್ದೀರಾ, ಅಥವಾ ಸಿಕ್ಕರೆ ಸಿದ್ಧರಿದ್ದೀರಾ" ಎಂಬ ಪ್ರಶ್ನೆಯನ್ನು ಸೀಮಾಂತ ಕೆಲಸಗಾರರಿಗೆ ಮತ್ತು ಕೆಲಸ ಮಾಡದವರಿಗೆ ಮಾತ್ರ ಕೇಳಲಾಯಿತು. ಅವನು ಹೊಲದಲ್ಲಿ 183 ದಿನ ಪೂರೈಸಿದ್ದರೆ ಮುಖ್ಯ ಕೆಲಸಗಾರ. ನೌಕರಿಗಾಗಿ ಅವನು ಅಲೆಯುತ್ತಿರುವುದು ಎಲ್ಲಿಯೂ ದಾಖಲಾಗುವುದಿಲ್ಲ. ಇದನ್ನು ನಾನು ಈ ಪದ್ಧತಿಯ ನಿಜವಾದ ಕೊರತೆಯೆಂದೇ ಭಾವಿಸುತ್ತೇನೆ. ಆದರೆ ಅದಕ್ಕಾಗಿ ಹೊಲದ ಕೆಲಸವನ್ನು ಮರೆಮಾಚಬಾರದು. ಇದ್ದುದನ್ನು ಇದ್ದಂತೆ ಹೇಳಿ. ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರಿನಲ್ಲಿ ಇಂದಿಗೂ ಹಗಲು ಹೊಲ, ರಾತ್ರಿ ಆಟವೆಂದು ಬದುಕುವ ಕಲಾವಿದರಿದ್ದರೆ, ಅವರಿಗೂ ಇದೇ ಮಾತು ಅನ್ವಯಿಸುತ್ತದೆ.

ಲಾವಣಿಗೆ ಅಥವಾ ಪಾಲಿಗೆ ಹೊಲ ಮಾಡುವವರ ಸಂಗತಿ ಹೆಚ್ಚು ಸೂಕ್ಷ್ಮವಾದುದು. ಬಾಡಿಗೆ, ಧಾನ್ಯ ಅಥವಾ ಪಾಲಿನ ಕರಾರಿನ ಮೇಲೆ ಹೊಲ ಪಡೆದು, ನಷ್ಟದ ಹೊಣೆಯನ್ನೂ ಹೊತ್ತು ಉಳುವವರು ಗಣತಿಯ ಪ್ರಕಾರ ಸಾಗುವಳಿದಾರರು. ಹೊಲ ಕೊಟ್ಟು, ಮೇಲ್ವಿಚಾರಣೆಯನ್ನೂ ಮಾಡದ ಮಾಲೀಕರು ಸಾಗುವಳಿದಾರರಲ್ಲ. ಹೊಣೆಯಿಲ್ಲದೆ ಕೂಲಿಗಷ್ಟೇ ದುಡಿಯುವವರು ಕೃಷಿ ಕೂಲಿಕಾರರು. ಆದರೆ 1974ರ ಭೂಸುಧಾರಣೆಯ ತಿದ್ದುಪಡಿಯ ನೆನಪು ನಮ್ಮ ಭಾಗದಲ್ಲಿ ಇನ್ನೂ ಇದೆ. "ಲಾವಣಿ" ಎಂದರೆ ಹೊಲ ಹೋದೀತೆಂದು ಮಾಲೀಕರಿಗೆ ಭಯ. ಮುಂದಿನ ವರ್ಷ ಹೊಲ ಸಿಗಲಾರದೆಂದು ಉಳುವವರಿಗೆ ಭಯ. ಹಾಗಾಗಿ ಉಳುವವರು ತಮ್ಮನ್ನು ಕೂಲಿಕಾರರೆಂದು ಬರೆಸುತ್ತಾರೆ. 2001 ಮತ್ತು 2011ರ ನಡುವೆ ದೇಶದಲ್ಲಿ ಸಾಗುವಳಿದಾರರು 12.73 ಕೋಟಿಯಿಂದ 11.88 ಕೋಟಿಗೆ ಇಳಿದು, ಕೃಷಿ ಕೂಲಿಕಾರರು 10.68 ಕೋಟಿಯಿಂದ 14.43 ಕೋಟಿಗೆ ಏರಿದರು. ಹಿಡುವಳಿಗಳು ಒಡೆದದ್ದು ನಿಜ. ಆದರೂ ಈ ಅಂಕಿಗಳನ್ನು ಓದುವಾಗ ಆ ಭಯವನ್ನೂ ನೆನಪಿನಲ್ಲಿಡಬೇಕು. 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನಂತೆ ವ್ಯಕ್ತಿಯ ಗಣತಿ ದಾಖಲೆಯನ್ನು ಬೇರೆಯವರು ಪರಿಶೀಲಿಸುವಂತಿಲ್ಲ; ಸಿವಿಲ್ ವ್ಯಾಜ್ಯದಲ್ಲಿ ಅದು ಸಾಕ್ಷ್ಯವಾಗದು. ಕಂದಾಯ ದಾಖಲೆಗೂ ಗಣತಿಗೂ ಸಂಬಂಧವಿಲ್ಲವೆಂಬುದನ್ನು ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಯಲ್ಲಿ ಸ್ಪಷ್ಟವಾಗಿ ತಿಳಿಸಬೇಕು.

ಕಾರ್ಯಕರ್ತರಲ್ಲಿ ಇನ್ನೊಂದು ವಿನಂತಿ. ಫೆಬ್ರವರಿಯಲ್ಲಿ ಕೇಳಿದರೆ ಜನರಿಗೆ ನೆನಪಾಗುವುದು ಹಿಂಗಾರಿ ಮಾತ್ರ. ಮುಂಗಾರಿನ ಬಿತ್ತನೆಯ ದಿನಗಳು ಮರೆತಿರುತ್ತವೆ. ಜನವರಿಯಲ್ಲೇ ಸ್ವಸಹಾಯ ಸಂಘಗಳ ಸಭೆಯಲ್ಲಿ ಕಾರ ಹುಣ್ಣಿಮೆ, ನಾಗರ ಪಂಚಮಿ, ದಸರೆ, ಎಳ್ಳ ಅಮಾವಾಸ್ಯೆಗಳನ್ನು ಗುರುತಾಗಿಟ್ಟುಕೊಂಡು ಪ್ರತಿಯೊಬ್ಬ ಮಹಿಳೆಯ ಕೆಲಸದ ದಿನಗಳನ್ನು ಕೂಡಿಸಿಕೊಡಿ. ಎಣಿಕೆಯ ದಿನ ಆಕೆಯೇ ಎದುರಿಗಿದ್ದು ಉತ್ತರಿಸುವಂತೆ ಮನೆಯವರಿಗೆ ತಿಳಿಸಿ. ಪರ ಜಿಲ್ಲೆಗಳಿಂದ ಬಂದ ಕಬ್ಬು ಕಟಾವಿನ ತಂಡಗಳು ಆಗ ಹೊಲದ ಅಂಚಿನ ಗುಡಿಸಲುಗಳಲ್ಲಿರುತ್ತವೆ. ಎಣಿಕೆಯ ಅವಧಿಯುದ್ದಕ್ಕೂ ತಮ್ಮ ಊರಿನಿಂದ ದೂರವಿರುವವರನ್ನು 2011ರಲ್ಲಿ ಅವರು ಇದ್ದಲ್ಲಿಯೇ ಎಣಿಸಲಾಗಿತ್ತು. ಆ ಗುಡಿಸಲುಗಳು ಯಾವ ಹೊಲದಲ್ಲಿವೆ ಎಂಬುದು ಹೊಲದ ಮಾಲೀಕರಿಗೆ ಗೊತ್ತಿರುತ್ತದೆ. ಗಣತಿದಾರರನ್ನು ಅಲ್ಲಿಗೆ ಕರೆದೊಯ್ದು ತೋರಿಸಿ.